ಹನ್ನೊಂದನೆಯ ಕಂಬಳಿ

ಶಹಾಪುರದ ಬಸ್ ನಿಲ್ದಾಣದ ಎದುರಿಗೆ ನನ್ನವ್ವ ಹದಿನೇಳು ದಿನ ಭಿಕ್ಷೆಯವಳಾಗಿ ನಿಂತಿದ್ದಳು. ಅವಳೇ ನಿಂತಿರಲಿಲ್ಲ, ಅವಳ ಫೋಟೋ ನಿಂತಿತ್ತು. ಎರಡು ಬಿದಿರುಗಳ ನಡುವೆ ಬಿಗಿದ ಫ್ಲೆಕ್ಸಿನಲ್ಲಿ, ಆಳೆತ್ತರ. ಕೆಳಗೆ ಕೆಂಪು ಅಕ್ಷರ: ‘ಬೇಸಿಗೆ ಸೇವಾ ಕಾರ್ಯ. ನಿರ್ಗತಿಕ ವೃದ್ಧೆಗೆ ಕಂಬಳಿ ದಾನ.’ ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ಆದರೂ ಅಷ್ಟು ಓದಲು ಬರುತ್ತಿತ್ತು. ಬರದಿದ್ದರೆ ಚಲೋ ಇತ್ತು.

ಫೋಟೋದಲ್ಲಿ ಇಬ್ಬರು ಹೆಂಗಸರು ಒಂದು ಕರಿ ಕಂಬಳಿಯನ್ನು ಎರಡು ಕಡೆಯಿಂದ ಹಿಡಿದಿದ್ದರು. ಎಡಕ್ಕೆ ನನ್ನವ್ವ ಅಂಬವ್ವ, ಬಲಕ್ಕೆ ಚರ್ಚಿನ ಸುವಾರ್ತಮ್ಮ. ಕೊಡುವ ಕೈ, ಇಸಿದುಕೊಳ್ಳುವ ಕೈ ಫೋಟೋದಲ್ಲಿ ಒಂದೇ ಥರ ಕಾಣುತ್ತವೆ. ನನ್ನವ್ವನ ಸೀರೆ ಮಾಸಿತ್ತು, ಸುವಾರ್ತಮ್ಮನದು ಇಸ್ತ್ರಿ ಕಂಡಿತ್ತು. ನೋಡಿದವರು ಅಷ್ಟರ ಮೇಲೆಯೇ ತೀರ್ಮಾನ ಮಾಡಿಕೊಂಡರು. ಆದರೆ ಆ ಕಂಬಳಿ ಕೊಟ್ಟವಳು ನನ್ನವ್ವ. ನಮ್ಮ ಕುರಿಯ ಉಣ್ಣೆ, ಅವಳೇ ರಾಟಿಯಲ್ಲಿ ತೆಗೆದ ನೂಲು, ಬಳಿಚಕ್ರ ಊರಿನ ನನ್ನ ಸೋದರಮಾವ ಹುಣಸೆ ಬೀಜದ ಗಂಜಿ ಹಾಕಿ ನೇಯ್ದ ಕಂಬಳಿ. ಇಸಿದುಕೊಂಡವಳು ಸುವಾರ್ತಮ್ಮ.

ಈ ಬರಹ ಆ ಸುವಾರ್ತಮ್ಮನ ಬಗ್ಗೆ. ಆಕೆ ಇನ್ನೂ ಇದ್ದಾಳೆ. ಕಣ್ಣಿಗೆ ಪೊರೆ ಬಂದಿದೆ, ಯಾರಾದರೂ ಓದಿ ಹೇಳಲಿ. ಹೊಗಳಲು ನಾನು ಕೂತಿಲ್ಲ. ಸುಳ್ಳನ್ನೂ ಬರೆಯುವುದಿಲ್ಲ. ಸುಳ್ಳು ಬರೆಸಿದವರನ್ನು ಬೈಯಲು ಕೂತವನು ತಾನೇ ಸುಳ್ಳು ಬರೆದರೆ ಹೇಗೆ?

ನಮ್ಮೂರು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯ ಮೇಲಿದೆ. ರಸ್ತೆಗೆ ಹತ್ತಿಕೊಂಡೇ ಚರ್ಚು, ಮುಂದೆ ಬೇವಿನ ಮರ, ಹಿಂದೆ ನಾಲ್ಕು ಎಕರೆ ಕರಿ ಹೊಲ. ಸಭೆಗೆ ಸೇರಿದ ಮನೆಗಳು ನಲವತ್ತರ ಒಳಗೆ. ಬಹಳ ಮಂದಿ ಕೂಲಿಯವರು, ಒಂದಿಬ್ಬರು ಮಾಸ್ತರರು, ಒಬ್ಬ ಕಂಡಕ್ಟರ್. ನಾವು ಆ ಸಭೆಯವರಲ್ಲ. ನಾವು ಕುರಿಯವರು, ನಮ್ಮ ದೇವರು ಬೀರಪ್ಪ, ನನ್ನ ಹೆಸರೂ ಬೀರಣ್ಣ. ಆದರೆ ಪ್ರತಿ ಬೇಸಿಗೆ ಆ ಹೊಲದಲ್ಲಿ ಕುರಿ ನಿಲ್ಲಿಸುವವರು ನಾವೇ. ಮಳೆಗೆ ಮುಂಚೆ ಹತ್ತು ಹನ್ನೆರಡು ದಿನ ಮಂದೆಯನ್ನು ಹೊಲದಲ್ಲೇ ಬಲೆ ಕಟ್ಟಿ ತರುಬಿದರೆ ಹಿಕ್ಕೆ ಬಿದ್ದು ನೆಲಕ್ಕೆ ಕಸುವು ಬರುತ್ತದೆ, ಜೋಳ ಆಳೆತ್ತರ ಬರುತ್ತದೆ. ಆ ಹೊಲದ ಜೋಳ ಬಜಾರಿಗೆ ಹೋಗುತ್ತಿರಲಿಲ್ಲ. ಪೂರಾ ಮುಂದಿನ ಬೇಸಿಗೆಯ ಅಂಬಲಿಗೆ. ಬಿಸಿಲಲ್ಲಿ ಆ ರಸ್ತೆ ಹಿಡಿದು ಯಾರೇ ಹೋಗಲಿ, ಬೇವಿನ ಮರದ ಕೆಳಗೆ ನಿಂತರೆ ಒಂದು ಚರಿಗೆ ಅಂಬಲಿ. ಜಾತಿ ಕೇಳುತ್ತಿರಲಿಲ್ಲ. ಹಾಕುತ್ತಿದ್ದವಳು ಸುವಾರ್ತಮ್ಮ.

ಆಕೆ ಗುರುಮಠಕಲ್ ಕಡೆಯ ಹೆಣ್ಣು. ಸಿಟ್ಟು ಏರಿದರೆ ಬಾಯಿಂದ ತೆಲುಗು ಹೊರಡುತ್ತಿತ್ತು. ಗಂಡ ಶಹಾಪುರದ ಹತ್ತಿ ಜಿನ್ನಿನಲ್ಲಿ ಹಮಾಲ. ಬೆನ್ನು ಹೋದ ಮೇಲೆ ಮನೆ ಹಿಡಿದವನು, ಹೆಂಡತಿಯ ಸೂಜಿಗಳಿಗೆ ದಾರ ಪೋಣಿಸುತ್ತ ಕೂತ. ಆಕೆ ಸರಕಾರಿ ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬೇಸಿಗೆಗೆ ಹಾಸ್ಟೆಲಿಗೆ ರಜೆ. ಬೇರೆಯವರು ರಜೆ ಸಿಕ್ಕರೆ ಮಲಗುತ್ತಾರೆ, ಈಕೆ ಊರನ್ನೇ ಮಲಗಗೊಡುತ್ತಿರಲಿಲ್ಲ. ಈಸ್ಟರ್ ಹಬ್ಬದ ಮರುದಿನ ಬೆಳಿಗ್ಗೆ ಆರಕ್ಕೆ ಚರ್ಚಿನ ಗಂಟೆ ಹೊಡೆಯುತ್ತಿತ್ತು. ಮಕ್ಕಳಿಗೆ ರಜಾ ಶಾಲೆ: ಹಾಡು, ಕಥೆ, ಬಣ್ಣದ ಕಾಗದದ ಕಿರೀಟ. ಬಿಸಿಲು ಏರುವುದರೊಳಗೆ ಮಕ್ಕಳನ್ನು ಮನೆಗೆ ಅಟ್ಟಿ ಹೆಂಗಸರನ್ನು ಕೂಡಿಸುತ್ತಿದ್ದಳು, ಕೌದಿ ಹೊಲಿಯಲು.

ಆಕೆಯ ಕೌದಿಯ ಶಿಸ್ತು ಬೇರೆ. ಹಳೆಯ ಸೀರೆ, ಧೋತರ ಪದರಪದರವಾಗಿ ಹಾಸಿ ನಾಲ್ಕು ಮೂಲೆಗೆ ನಾಲ್ವರು. ಅಂಚಿನಿಂದ ಶುರು ಮಾಡಿ ನಡುವಿಗೆ ಬರಬೇಕು. ಹೊಲಿಗೆ ಸೊಟ್ಟ ಹೋದರೆ ಕತ್ತರಿಯ ಹಿಡಿಯಿಂದ ಬೆರಳ ಗೆಣ್ಣಿಗೆ ಒಂದು ಏಟು. ಕೊನೆಗೆ ಮೂಲೆ ಮುಚ್ಚುವ ಮುಂಚೆ ಒಳಗೆ ಒಂದೊಂದು ಚೂರು ಕಡಕ್ ರೊಟ್ಟಿ ಇಟ್ಟು ಹೊಲಿಯುತ್ತಿದ್ದಳು. ಅತ್ತೆ ಕಲಿಸಿದ್ದಂತೆ. ಹೊಟ್ಟೆ ಖಾಲಿ ಇದ್ದ ಹೊದಿಕೆ ಯಾರನ್ನೂ ಬೆಚ್ಚಗಿಡುವುದಿಲ್ಲವಂತೆ. ಹಿಂದೆ ಒಬ್ಬ ಪಾಸ್ಟರ್ ಇದನ್ನು ಬಿಡು ಅಂದಿದ್ದಕ್ಕೆ, “ನಿಮಗ ಪ್ರಸಂಗ ಬರ್ತದ, ನನಗ ಕೌದಿ ಬರ್ತದ” ಅಂದಿದ್ದಳಂತೆ.

ಅದಕ್ಕಿಂತ ದೊಡ್ಡದು, ಆಕೆ ಕೌದಿ ಮುಟ್ಟಿಸುತ್ತಿದ್ದ ರೀತಿ. ಸಾಲು ನಿಲ್ಲಿಸಿ ಎಂದೂ ಕೊಟ್ಟವಳಲ್ಲ. ಯಾರ ಮನೆಯಲ್ಲಿ ಹೊದಿಕೆ ಇಲ್ಲವೋ ಅಲ್ಲಿಗೆ ತಾನೇ ಹೋಗಿ, ನಾಲ್ಕು ಮಂದಿ ಕೇಳುವಂತೆ, “ಯವ್ವಾ, ನಿನ್ನ ಕೌದಿ ಒಗ್ಯಾಕ ಒಯ್ದಿದ್ದೆ ನೋಡು, ತಂದೀನಿ” ಅಂತ ಹೊಸ್ತಿಲ ಮೇಲಿಟ್ಟು ಬರುತ್ತಿದ್ದಳು. ಇಸಿದುಕೊಂಡವಳ ತಲೆ ಬಾಗುತ್ತಿರಲಿಲ್ಲ. ತನ್ನ ವಸ್ತು ತನಗೆ ಬಂತೆಂದು ಒಳಗಿಟ್ಟುಕೊಳ್ಳುತ್ತಿದ್ದಳು. ಊರಿನಲ್ಲಿ ಯಾರ ಮನೆಯ ಬಡತನವೂ ಈಕೆಯಿಂದಾಗಿ ಬೀದಿಗೆ ಬಂದಿರಲಿಲ್ಲ. ಇಷ್ಟು ಗೊತ್ತಿದ್ದವಳು! ಅದಕ್ಕೇ ನನಗೆ ಇವತ್ತಿಗೂ ಉರಿಯುತ್ತದೆ.

ಈಗ ಕಂಬಳಿಯ ಮೂಲ ಹೇಳುತ್ತೇನೆ. ಎರಡು ಸಾವಿರದ ಒಂಬತ್ತರ ಬೇಸಿಗೆ. ಕುರಿಯ ಉಣ್ಣೆ ಕತ್ತರಿಸಿ ಮೂರು ದಿನ ಆಗಿತ್ತು. ಉಣ್ಣೆ ಹೋದ ಕುರಿ ಚರ್ಮ ಸುಲಿದ ಹಾಗೆ, ಸಣ್ಣ ಥಂಡಿಯನ್ನೂ ತಡೆಯುವುದಿಲ್ಲ. ಮಧ್ಯಾಹ್ನ ನಾಲ್ಕರ ಸುಮಾರು ಮುಗಿಲು ಕಪ್ಪಾಯಿತು, ನಿಂಬೆಹಣ್ಣಿನಷ್ಟು ಆಲಿಕಲ್ಲು ಬೀಳತೊಡಗಿತು. ನಾನು, ಅವ್ವ, ನೂರಾ ಇಪ್ಪತ್ತು ಕುರಿ, ನಡು ರಸ್ತೆಯಲ್ಲಿ. ಕಣ್ಣೆದುರಿಗೇ ಕುರಿ ಮೊಣಕಾಲೂರಿ ಬೀಳತೊಡಗಿದವು. ಚರ್ಚಿನ ಬಾಗಿಲು ತೆರೆದ ಸದ್ದಾಯಿತು.

“ಬೀರಣ್ಣಾ, ಒಳಗ ಹೊಡಿ! ನೋಡ್ತ ನಿಂತೀಯೇನೋ, ಹೊಡಿ ಒಳಗ!”

ಸುವಾರ್ತಮ್ಮ ಎರಡೂ ಬಾಗಿಲು ಹಿಡಿದು ನಿಂತಿದ್ದಳು. ಕುರಿ ನುಗ್ಗಿದವು. ಆಗ ಒಳಗಿದ್ದವನು ಜಗದೇವಪ್ಪ, ಸಭೆಯ ದೊಡ್ಡ ಮನೆತನದವನು, ಕ್ರೈಸ್ತನಾದರೂ ಅಜ್ಜನ ಹಳೆಯ ಹೆಸರನ್ನು ಹಾಗೇ ಉಳಿಸಿಕೊಂಡವನು. ಅವನು ಕೂಗಾಡಿದ: “ಏ ಅಕ್ಕಾ, ಪೀಠದ ಮುಂದ ಕುರಿ ಹಿಕ್ಕಿ ಹಾಕ್ತಾವ!”

“ದನದ ಗ್ವಾದಲ್ಯಾಗ ಹುಟ್ಟಿದವ್ರ ಮನಿ ಇದು, ಜಗದೇವಪ್ಪ. ಅವ್ರಿಗಿ ಹಿಕ್ಕಿ ಹೊಸದಲ್ಲ, ನಿನಗ ಹೊಸದು.”

ಮಕ್ಕಳ ಚಾಪೆಗಳನ್ನು ಹಾಸಿದಳು. ಹಂಚಲು ಮಡಚಿಟ್ಟಿದ್ದ ಹನ್ನೊಂದು ಹೊಸ ಕೌದಿಗಳನ್ನು ತಂದು, ನಡುಗುತ್ತ ಮಲಗಿದ್ದ ಕುರಿಗಳ ಮೇಲೆ ತಾನೇ ಹೊದಿಸಿದಳು. ಹೊರಗೆ ಬಿದ್ದ ಹನ್ನೆರಡು ಕುರಿ ಸತ್ತವು. ಒಳಗೆ ಬಂದದ್ದರಲ್ಲಿ ಒಂದೂ ಸಾಯಲಿಲ್ಲ. ಆದರೆ ಮೈ ಬಿಸಿಯಾಗಿ ಜೀವ ಬಂದ ಮೇಲೆ ಕುರಿಗಳಿಗೆ ಮೂಲೆಯ ರೊಟ್ಟಿಯ ವಾಸನೆ ಬಡಿಯಿತು. ಮೂಲೆ ಕಚ್ಚಿ ಎಳೆದವು. ಮಳೆ ನಿಂತಾಗ ಹನ್ನೊಂದು ಕೌದಿಗೂ ಮೂಲೆ ಇರಲಿಲ್ಲ. ಹರಿದು ಚಿಂದಿ, ಮೇಲೆ ಹಿಕ್ಕೆ. ನನಗೆ ನಗು ಬಂತು. ಅವ್ವ ಸೆರಗು ಬಾಯಿಗಿಟ್ಟು ಅತ್ತಳು.

“ಸುವಾರ್ತಿ, ಹನ್ನೊಂದು ಹೊದಿಕಿ ನಮ್ಮ ಕುರಿ ತಿಂದಾವ. ಹನ್ನೊಂದು ಹೊದಿಕಿ ನಾ ಕೊಡ್ತೀನಿ.”

“ಬ್ಯಾಡ ಅಂಬವ್ವಕ್ಕ. ಹಳೇ ಸೀರಿ, ಹೋದ್ವು.”

“ಸೀರಿ ಹಳೇವು. ಹೊಲಿದ ಹೆಣ್ಮಕ್ಕಳ ಬೆರಳು ಹಳೇವಲ್ಲ. ವರ್ಷಕ್ಕೊಂದು ಕಂಬಳಿ ಕೊಡ್ತೀನಿ.”

“ಹನ್ನೊಂದು ವರ್ಷ ಬದುಕ್ತೀಯೇನಬೇ?”

“ಬಾಕಿ ಇಟ್ಟು ಹೆಂಗ ಸಾಯ್ಲಿ?”

ಇಬ್ಬರೂ ನಕ್ಕರು. ಅಂದಿನಿಂದ ವರ್ಷಕ್ಕೊಂದು ಕಂಬಳಿ. ಬೇಸಿಗೆ ಕೆಲಸ ಮುಗಿಯುವ ದಿನ, ಮಕ್ಕಳು ಕಿರೀಟ ಹಾಕಿಕೊಂಡು ಹಾಡುವ ದಿನ, ಅವ್ವ ಕಂಬಳಿ ಹೆಗಲಿಗೆ ಹಾಕಿಕೊಂಡು ಹೋಗುವಳು, ಸುವಾರ್ತಮ್ಮನ ಕೈಗೆ ಕೊಟ್ಟು ಅಂಬಲಿ ಕುಡಿದು ಬರುವಳು. ಸುವಾರ್ತಮ್ಮ ಅದನ್ನು ಒಗೆದು ತಂದಿದ್ದೇನೆಂದು ಯಾರದೋ ಹೊಸ್ತಿಲಿಗೆ ಇಡುವಳು. ಏಳು ವರ್ಷ ಹೀಗೇ ನಡೆಯಿತು. ಹೊರಗಿನ ಒಬ್ಬರಿಗೂ ಗೊತ್ತಿರಲಿಲ್ಲ.

ಎಂಟನೇ ವರ್ಷಕ್ಕೆ ಜಗದೇವಪ್ಪ ಸಭೆಯ ಸೆಕ್ರೆಟರಿಯಾದ. ಕೈಯಲ್ಲಿ ದೊಡ್ಡ ಫೋನು. ಅವ್ವ ಕಂಬಳಿ ಕೊಡುವಾಗ, “ಇಬ್ರೂ ಹಿಡೀರಿ, ಹಿಂಗ ನೋಡ್ರಿ, ನಗ್ರಿ” ಅಂದನಂತೆ. ಅವ್ವನಿಗೆ ಜೀವನದಲ್ಲಿ ಅದು ಎರಡನೇ ಫೋಟೋ. ಮೊದಲನೆಯದು ರೇಷನ್ ಕಾರ್ಡಿನದು. ನಕ್ಕಳು.

ನಾನು ಆಗ ಮಂದೆಯೊಡನೆ ಕೃಷ್ಣೆಯ ದಂಡೆಗೆ ಹೋಗಿದ್ದೆ. ತಿರುಗಿ ಬರುವಾಗ ಹತ್ತಿಕುಣಿಯಲ್ಲಿ ನನ್ನ ಹೆಂಡತಿ ಸರೋಜಾಳ ತವರಿನಲ್ಲಿ ಉಳಿದೆ. ಅಲ್ಲಿ ಆಕೆಯ ಅಣ್ಣ ಮರಿಲಿಂಗ ಹತ್ತು ಮಂದಿಯ ನಡುವೆ ನನ್ನನ್ನು ಕರೆದ.

“ಬರ್ರಿ ಬೀಗರ, ಬರ್ರಿ. ನೂರು ಕುರಿ ಕಟ್ಟೀರಿ, ನಿಮ್ಮವ್ವಗ ಒಂದು ಕಂಬಳಿ ಹೊಂದಸ್ಲಿಕ್ಕಿ ಆಗ್ಲಿಲ್ಲೇನ್ರಿ? ಚರ್ಚಿನ್ಯಾಗ ಕೈ ಒಡ್ಡ್ಯಾರಲ್ಲ!”

“ಏನಂದಿ?”

“ನಾ ಅಂದಿಲ್ಲಪ್ಪ, ಶಹಾಪುರ ಬಸ್ ಸ್ಟ್ಯಾಂಡ್ ಅಂತದ.”

ಕುರಿಯವನ ತಾಯಿ ಕಂಬಳಿ ಬೇಡಿದಳು ಅಂದರೆ ಏನರ್ಥ ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗ ಸತ್ತಿರಬೇಕು, ಇಲ್ಲ ಇದ್ದೂ ಸತ್ತಂತಿರಬೇಕು. ಮಂದೆಯನ್ನು ಅಲ್ಲೇ ಬಿಟ್ಟು ಬಸ್ ಹತ್ತಿದೆ. ಉಣ್ಣೆ ಕತ್ತರಿಸುವ ಕತ್ತರಿ ಸೊಂಟದಲ್ಲೇ ಇತ್ತು. ಬಿದಿರಿನ ಹಗ್ಗ ಕತ್ತರಿಸಿ ಫ್ಲೆಕ್ಸ್ ಇಳಿಸಿ ಸುತ್ತಿಕೊಂಡೆ. ಅದರ ಮೂಲೆಯಲ್ಲಿ ಅಂಗಡಿಯ ಹೆಸರಿತ್ತು, ನೇರ ಅಲ್ಲಿಗೇ ಹೋದೆ. ಛಾಪಿಸಿದವನು ಮನ್ಸೂರಅಲಿ.

“ಯಾರ್ ಬರದ್ರೋ ಇದನ್ನ?”

“ಸಬರ್ ಮಾಡು ಭಾಯಿ. ಕತ್ತರಿ ಕೆಳಗಿಡು ಮೊದಲ. ಚರ್ಚು ಅವ್ರದು, ಅವ್ವ ನಿನ್ನಾಕಿ, ಮಿಷನ್ ಅಷ್ಟ ನಂದು. ನಡುವ ನನಗ ಯಾಕ ಹೊಡೀತಿ? ಸೆಕ್ರೆಟ್ರಿ ಕಳಿಸಿದ್ದು ಛಾಪಿಸೀನಿ. ನಿರ್ಗತಿಕ ಅನ್ನೋದು ದೊಡ್ಡ ಅಕ್ಷರದಾಗ ಹಾಕು ಅಂದ, ಹಾಕೀನಿ.”

ಜಗದೇವಪ್ಪ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಫ್ಲೆಕ್ಸನ್ನು ಅವನ ಎದುರಿಗೆ ಹಾಸಿದೆ. ಅವನು ಗಾಬರಿಯಾಗಲಿಲ್ಲ.

“ಎಲ್ಲಾ ದೇವರ ಮಹಿಮಿಗೆ, ಬೀರಣ್ಣ. ಯಾರು ಕೊಟ್ರು, ಯಾರು ಇಸ್ಕೊಂಡ್ರು ಅನ್ನೋದು ಮ್ಯಾಲಿನವ್ಗ ಗೊತ್ತದ.”

“ಮ್ಯಾಲಿನವ್ಗ ಗೊತ್ತಿದ್ರ ಸಾಕಂದ್ರ, ಬಸ್ ಸ್ಟ್ಯಾಂಡಿಗಿ ಯಾಕ ಹೇಳಿದಿ?”

ಅವನ ಹೆಂಡತಿ ಒಳಗಿಂದ ಕಿಸಕ್ಕನೆ ನಕ್ಕಳು. ಅವನು ಚಹಾ ಬಿಟ್ಟು ಎದ್ದು ಹೋದ. ಅವನ ಮೇಲೆ ನನಗೆ ಸಿಟ್ಟಿತ್ತು, ಆದರೆ ಅವನು ಅಂಥವನೇ ಅಂತ ಮೊದಲೇ ಗೊತ್ತಿತ್ತು. ನನ್ನನ್ನು ಸುಟ್ಟದ್ದು ಬೇರೆ ಮಾತು. ಹದಿನೇಳು ದಿನ ಸುವಾರ್ತಮ್ಮ ಆ ಬಸ್ ನಿಲ್ದಾಣದಿಂದಲೇ ಹೋಗಿ ಬಂದಿದ್ದಾಳೆ. ಆ ಫ್ಲೆಕ್ಸ್ ನೋಡಿದ್ದಾಳೆ. ಬಾಯಿ ತೆರೆದಿಲ್ಲ.

ಚರ್ಚಿನ ಹಿಂದೆ ಅಂಬಲಿಯ ಹಂಡೆ ತಿಕ್ಕುತ್ತಿದ್ದಳು. ನನ್ನನ್ನು ಕಂಡೇ ಗೊತ್ತಾಯಿತು ಆಕೆಗೆ. ಕೈಯ ಬೂದಿ ಹಾಗೇ ಇತ್ತು.

“ಗೊತ್ತದ ತಮ್ಮಾ. ಬೈಯಿ.”

“ಊರಿನವ್ರ ಮರ್ಯಾದಿ ಎಲ್ಲಾ ಸೆರಗಿನ್ಯಾಗ ಮುಚ್ಚಿಟ್ಟಿ, ಯಕ್ಕಾ. ನನ್ನವ್ವಂದು ಒಂದ ಬೀದಿಗಿ ಹಾಕಿದಿ. ಸುಳ್ಳು ಅಂತ ಒಂದು ಮಾತು ಹೇಳಬಾರದಾಗಿತ್ತೇನು?”

ಆಕೆ ಬೇವಿನ ಮರದ ಕಡೆ ಕೈ ತೋರಿಸಿದಳು. ಅಲ್ಲಿ ಹೊಸ ತಗಡುಗಳನ್ನು ಒಟ್ಟಿದ್ದರು. “ಹೈದರಾಬಾದಿನ ಒಂದು ದೊಡ್ಡ ಸಭಿಯವ್ರು, ಜಗದೇವಪ್ಪ ಫೋನಿನ್ಯಾಗ ಕಳಿಸಿದ ಆ ಫೋಟೋ ನೋಡಿ ಕಳಸ್ಯಾರ. ನೆರಳು ಆಗ್ತದ, ಎರಡು ನೀರಿನ ಟಾಕಿ ಬರ್ತಾವ. ಹೋದ ವರ್ಷ ಅಂಬಲಿ ಸರತಿಗಿ ನಿಂತಾಕಿ ಒಬ್ಬಾಕಿ ಬಿಸಿಲಿಗಿ ಬಿದ್ದು ಸತ್ಲು, ನನ್ನ ತೊಡಿ ಮ್ಯಾಲ. ಈಗ ಎದ್ದು ಫೋಟೋ ಸುಳ್ಳು ಅಂದ್ರ, ಅವ್ರು ಮುಂದ ಒಂದು ಮೊಳಿನೂ ಕಳಸಲ್ಲ.”

“ಅದಕ್ಕ ನನ್ನವ್ವನ ಮಾರಿ ಬೇಕಾಗಿತ್ತೇನು?”

ಹಂಡೆಯ ಬೂದಿ ತೊಳೆದು ಬೋರಲು ಹಾಕಿದಳು. ಆಮೇಲೆ ಅಂದಳು: “ನೆರಳು ನಿಲ್ಲಲಿ. ಮುಂದಿನ ವರ್ಷ ಮುಗಿಯೋ ದಿನ, ಎಲ್ಲಾರ ಮುಂದ ಹೇಳ್ತೀನಿ. ಕಂಬಳಿ ಅಂಬವ್ವಕ್ಕ ಕೊಟ್ಟದ್ದು, ನಾವು ಇಸ್ಕೊಂಡದ್ದು ಅಂತ. ನಿನಗ ಮಾತು ಕೊಟ್ಟೀನಿ.”

ಮಾತು ಕೊಟ್ಟಳು. ನನಗೆ. ಇದನ್ನು ಓದುವವರು ನೆನಪಿಡಬೇಕು.

ಮನೆಗೆ ಹೋಗಿ ಅವ್ವನೆದುರು ಫ್ಲೆಕ್ಸ್ ಬಿಚ್ಚಿದೆ. ಆಕೆಗೆ ಓದಲು ಬರುವುದಿಲ್ಲ. ನಾನು ಓದಿ ಹೇಳಿದೆ. ನಿರ್ಗತಿಕ ಅಂದರೆ ಯಾರೂ ಇಲ್ಲದವಳು ಅಂತ ಅರ್ಥವನ್ನೂ ಹೇಳಿದೆ. ಸ್ವಲ್ಪ ಹೊತ್ತು ತನ್ನ ಮುಖವನ್ನೇ ನೋಡಿದಳು. “ಚಂದ ಬಂದೀನಲ್ಲೋ” ಅಂದಳು. ಆಮೇಲೆ ಅದನ್ನು ಮರಿಗಳ ಗುಡಿಸಲ ಮೇಲೆ ಹಾಕಿಸಿದಳು, ಅಕ್ಷರ ಕೆಳಗೆ ಮಾಡಿ. ಆದರೆ ಆ ತಿಂಗಳು ಶಹಾಪುರದ ಸಂತೆಗೆ ಹೋಗಲಿಲ್ಲ. ಕೇಳಿದರೆ ಮೊಣಕಾಲು ನೋವು ಅಂದಳು. ಅವಳ ಮೊಣಕಾಲು ನನಗೆ ಗೊತ್ತು. ಕೃಷ್ಣೆಯವರೆಗೆ ನಡೆದ ಮೊಣಕಾಲು.

ಅದೇ ವಾರ ಹತ್ತಿಕುಣಿಯಿಂದ ಮಂದೆ ತಂದೆ. ಚರ್ಚಿನ ಹೊಲದಲ್ಲಿ ಕುರಿ ನಿಲ್ಲಿಸಬೇಕಾಗಿತ್ತು. ನಿಲ್ಲಿಸಲಿಲ್ಲ. ಒಡ್ಡಿನ ಆಚೆ ಫಕೀರಸಾಬನ ಹೊಲ. ಅಲ್ಲಿ ನಿಲ್ಲಿಸಿದೆ. ಒಡ್ಡಿಗೆ ಸರಿಯಾಗಿ ಬಲೆ ಕಟ್ಟಿದೆ, ಒಂದು ಹಿಕ್ಕೆಯೂ ಚರ್ಚಿನ ಕಡೆ ಬೀಳಬಾರದು. ಬೆಳಿಗ್ಗೆ ಎದ್ದು ಒಡ್ಡಿನ ಉದ್ದಕ್ಕೂ ಓಡಾಡಿ ನೋಡುತ್ತಿದ್ದೆ. ನಾಲ್ಕು ಹಿಕ್ಕೆ ದಾಟಿದ್ದರೆ ಆರಿಸಿ ತಿರುಗಿ ಫಕೀರಸಾಬನ ಕಡೆ ಒಗೆಯುತ್ತಿದ್ದೆ. ಫಕೀರಸಾಬ ಬೀಡಿ ಸೇದುತ್ತ ಅಂದ: “ಬೀರಣ್ಣ, ಹಿಕ್ಕಿಗಿ ಹೆಸರು ಬರದೀಯೇನೋ?” ಜಗದೇವಪ್ಪ ಬಂದು ಕರೆದ, ಬೈದ, ಪುಸಲಾಯಿಸಿದ. ನಾನು ಕುರಿಗಳಿಗೆ ಹೇಳಿದಂತೆ ಹೇಳಿದೆ: “ನಾವು ನಿರ್ಗತಿಕರು, ಸಾಹೇಬ್ರ. ನಮ್ಮ ಹಿಕ್ಕಿ ನಿಮ್ಮಂಥವ್ರ ಹೊಲಕ್ಕ ಶೋಭಾ ಅಲ್ಲ.”

ಅವ್ವನಿಗೆ ಮಾತ್ರ, ಈ ಸಲ ಚರ್ಚಿನವರೇ ಬೇಡ ಅಂದರು ಅಂತ ಹೇಳಿದೆ. ಹೌದು, ಅದು ಸುಳ್ಳು. ಬರೆದಿಟ್ಟಿದ್ದೇನೆ.

ಮಾಘದಲ್ಲಿ ಫಕೀರಸಾಬನ ಜೋಳ ನನ್ನ ತಲೆಗಿಂತ ಮೇಲಿತ್ತು. ಚರ್ಚಿನದು ಸೊಂಟಕ್ಕೆ. ಹಸಿ ತೆನೆ ಸುಟ್ಟು ಸೀತನಿ ಮಾಡಿಕೊಂಡು, ಒಡ್ಡಿನ ಮೇಲೆ ಚರ್ಚಿನ ಕಡೆ ಮುಖ ಮಾಡಿ ಕೂತು ತಿಂದೆ. ಅಂಥ ರುಚಿಯ ಸೀತನಿ ಮತ್ತೆ ತಿಂದಿಲ್ಲ.

ಬೇಸಿಗೆ ಬಂತು. ತಗಡಿನ ನೆರಳು ನಿಂತಿತು, ನೀರಿನ ಟಾಕಿ ಬಂತು. ಅಂಬಲಿ ಮಾತ್ರ ತೆಳುವಾಯಿತು. ಮಂದಿ ನಗತೊಡಗಿದರು. ನಾನೂ ನಕ್ಕೆ. ಒಂದು ಮಧ್ಯಾಹ್ನ ಅವ್ವ ಶಹಾಪುರದಿಂದ ಬರುತ್ತ ಅಲ್ಲಿ ನಿಂತು ಚರಿಗೆ ಬಾಯಿಗೆ ಹಚ್ಚಿದಳು.

“ಸುವಾರ್ತಿ, ಇದು ಅಂಬಲಿಯೋ, ಕೈ ತೊಳದ ನೀರೋ?”

“ಜೋಳ ಕಮ್ಮಿ ಬಂದಾವ ಅಂಬವ್ವಕ್ಕ” ಅಂದಳಂತೆ ಸುವಾರ್ತಮ್ಮ. ಅಷ್ಟೇ. ನನ್ನ ಹೆಸರು ಎತ್ತಲಿಲ್ಲ. ಎತ್ತಿದವನು ಅಲ್ಲೇ ಸೂಜಿಗೆ ದಾರ ಪೋಣಿಸುತ್ತಿದ್ದ ಆಕೆಯ ಗಂಡ: “ನಿನ್ನ ಮಗ ಒಡ್ಡಿನ ಆಚಿ ಕುರಿ ನಿಲ್ಲಿಸ್ಯಾನ, ಅದಕ್ಕ ಕಮ್ಮಿ ಬಂದಾವ.”

ಅವ್ವ ಮನೆಗೆ ಬಂದವಳೇ ರಾಟಿಯ ಕದಿರು ಕಿತ್ತು ನನ್ನ ಬೆನ್ನಿಗೆ ಬಾರಿಸಿದಳು. ನನಗೆ ನಲವತ್ತು ದಾಟಿತ್ತು, ಸರೋಜಾ ನೋಡುತ್ತಿದ್ದಳು.

“ಕುರಿ ಯಾರವೋ ಬೀರ್ಯಾ?”

“ನಿನ್ನವು.”

“ಹಿಕ್ಕಿ?”

“ನಿನ್ನವ ತಗೋ.”

“ಹಂಗಂದ್ರ ನಾ ಹೇಳಿದಲ್ಲಿ ಬೀಳಬೇಕು.”

“ಆಕಿ ಮಾತು ಕೊಟ್ಟಾಳ ಅವ್ವ. ಎಲ್ಲಾರ ಮುಂದ ಹೇಳ್ತೀನಿ ಅಂದಾಳ. ಹೇಳ್ಲಿ, ಮಾರನೇ ದಿನ ನಿಲ್ಲಸ್ತೀನಿ.”

ಅವ್ವ ಕದಿರನ್ನು ರಾಟಿಗೆ ಸಿಕ್ಕಿಸಿದಳು.

ಮುಗಿಯುವ ದಿನ ಅವ್ವನ ಹಿಂದೆ ನಾನೂ ಹೋದೆ. ಅವಳ ಹೆಗಲ ಮೇಲೆ ಒಂಬತ್ತನೆಯ ಕಂಬಳಿ. ತಗಡಿನ ಕೆಳಗೆ ಹೈದರಾಬಾದಿನಿಂದ ಬಂದವರು ಕುರ್ಚಿಯಲ್ಲಿ ಕೂತಿದ್ದರು. ಮಕ್ಕಳು ಕಿರೀಟ ಹಾಕಿಕೊಂಡು ಹಾಡಿದರು. ಮೈಕು ಹಿಡಿದು ಜಗದೇವಪ್ಪ ವರ್ಷದ ಸೇವೆಯ ವರದಿ ಓದಿದ. ನಾನು ಎದ್ದು ನಿಂತೆ. ನಿಂತೆ ಅಷ್ಟೇ. ಸುವಾರ್ತಮ್ಮ ನನ್ನನ್ನು ನೋಡಿದಳು. ಬಂದು ಜಗದೇವಪ್ಪನ ಕೈಯಿಂದ ಮೈಕು ತೆಗೆದುಕೊಂಡಳು.

“ಈ ಅಂಬವ್ವಕ್ಕ...” ಅಂದಳು. ನಿಂತಳು. ಹೈದರಾಬಾದಿನವರ ಕಡೆ ನೋಡಿದಳು, ಮೇಲೆ ತಗಡಿನ ಕಡೆ ನೋಡಿದಳು.

“ಹೇಳು!” ನಾನು ಕೂಗಿದೆ. “ಹೇಳ್ತೀನಿ ಅಂದಿದ್ದಿ, ಹೇಳು!”

ಮಕ್ಕಳು ಬೆದರಿದರು. ಜಗದೇವಪ್ಪ ನನ್ನ ಕಡೆ ಬರತೊಡಗಿದ. ಆಗ ಅವ್ವ ಮುಂದೆ ಹೋದಳು. ಮೈಕಿನ ಹತ್ತಿರ ಹೇಗೆ ಮಾತಾಡಬೇಕು ಅಂತ ಗೊತ್ತಿಲ್ಲದೆ, ಕುರಿ ಕರೆಯುವ ಧ್ವನಿಯಲ್ಲಿ ಕೂಗಿದಳು.

“ಅಕಿಗಿ ಯಾಕ ಕಾಡ್ತಿ? ನಾ ಹೇಳ್ತೀನಿ. ಫೋಟೋದಾಗ ಬರದದ್ದು ಖರೇ ಅದ. ನಾ ಇಸ್ಕೊಂಡೀನಿ. ಆಲಿಕಲ್ಲು ಬಿದ್ದ ದಿನ ಹನ್ನೊಂದು ಹೊದಿಕಿ ಇಸ್ಕೊಂಡೀನಿ, ಇದೇ ಬಾಗಿಲದಾಗ. ಫೋಟೋ ತಡಾ ಮಾಡಿ ತಗದಾರ, ಅಷ್ಟ.”

ಎಲ್ಲರೂ ನಕ್ಕರು. ಹೈದರಾಬಾದಿನವರು ಏನೂ ತಿಳಿಯದೆ ಚಪ್ಪಾಳೆ ತಟ್ಟಿದರು. ಜಗದೇವಪ್ಪ “ಆಮೆನ್” ಅಂದ. ಅವ್ವ ಕಂಬಳಿಯನ್ನು ಸುವಾರ್ತಮ್ಮನ ಕೈಗಿಟ್ಟು ಅಂಬಲಿಗೆ ಚರಿಗೆ ಹಿಡಿದಳು. ನಾನು ನಡುವೆ ಹುಚ್ಚನಂತೆ ನಿಂತಿದ್ದೆ. ಒಂದು ವರ್ಷ ನಾನು ಹಲ್ಲು ಕಚ್ಚಿ ಕಾದ ಮಾತನ್ನು ನನ್ನ ಹೆತ್ತವಳೇ ನೆಲಕ್ಕೆ ಚೆಲ್ಲಿದ್ದಳು.

ದಾರಿಯಲ್ಲಿ ಕೇಳಿದೆ: “ಯಾಕವ್ವ?”

“ಆಕಿ ಬಾಯಿ ಒಣಗಿತ್ತೋ. ನೋಡ್ಲಿಕ್ಕಿ ಆಗ್ಲಿಲ್ಲ ನನಗ.”

ಮರುದಿನ ಕುರಿ ಚರ್ಚಿನ ಹೊಲದಲ್ಲಿ ನಿಂತವು. ಅವ್ವನೇ ಬಲೆಯ ಗೂಟ ಹೊಡೆಸಿದಳು.

ಅವ್ವ ಕ್ಷಮಿಸಿದಳು, ನೀನು ಯಾಕೆ ಹಿಡಿದುಕೊಂಡು ಕೂತಿದ್ದೀ ಅಂತ ಸರೋಜಾ ಕೇಳುತ್ತಾಳೆ. ಅವ್ವ ಕ್ಷಮಿಸಿದ್ದು ಅವ್ವನ ಪಾಲು. ಸುವಾರ್ತಮ್ಮ ಮಾತು ಕೊಟ್ಟದ್ದು ನನಗೆ. ಮರಿಲಿಂಗ ಇವತ್ತಿಗೂ ಮದುವೆ ಮನೆಯಲ್ಲಿ ಕಂಬಳಿಯ ಮಾತು ತೆಗೆಯುತ್ತಾನೆ. ಅವನಿಗೆ ಯಾರು ಹೇಳಬೇಕು?

ಹತ್ತನೆಯ ಕಂಬಳಿ ಮುಂದಿನ ವರ್ಷ ಹೋಯಿತು. ಹನ್ನೊಂದನೆಯದಕ್ಕೆ ಅವ್ವ ಎಲ್ಲಕ್ಕಿಂತ ಸಣ್ಣ ನೂಲು ತೆಗೆದಳು, ಅಂಚಿಗೆ ಬಿಳಿ ಗೆರೆ ಹಾಕಿಸಿದಳು. ಅದು ಬಳಿಚಕ್ರದಿಂದ ಬಂದ ವಾರಕ್ಕೆ ಲಾಕ್‌ಡೌನ್ ಆಯಿತು. ಚರ್ಚಿಗೆ ಬೀಗ, ರಜಾ ಶಾಲೆ ಇಲ್ಲ, ಅಂಬಲಿ ಇಲ್ಲ. ಮುಂದಿನ ಬೇಸಿಗೆಯೂ ಹಾಗೇ ಹೋಯಿತು. ಆ ಮಳೆಗಾಲದಲ್ಲಿ ಅವ್ವ ಹಾಸಿಗೆ ಹಿಡಿದಳು. ಕೊನೆಯ ದಿನಗಳಲ್ಲಿ ಟ್ರಂಕಿನ ಕಡೆ ಕಣ್ಣು ಮಾಡಿ, “ಅದೊಂದು ಕೊಟ್ಟು ಬಾ, ಬೀರ್ಯಾ” ಅಂದಳು. ಹೂಂ ಅಂದೆ.

ಮಣ್ಣಿಗೆ ಸುವಾರ್ತಮ್ಮ ಬಂದಿದ್ದಳು. ಅವ್ವನ ಮೇಲೆ ಒಂದು ಕೌದಿ ಹೊದಿಸಿದಳು. ಹೊಸದು, ಮೂಲೆಗಳು ಉಬ್ಬಿದ್ದವು, ಒಳಗೆ ರೊಟ್ಟಿ ಇತ್ತು. ಕಿತ್ತು ಒಗೆಯಲು ನನ್ನ ಕೈ ಎದ್ದಿತ್ತು. ನಮ್ಮ ಮಂದಿಯ ಮುಂದೆ ಬೇಡ ಅಂತ ಸುಮ್ಮನಾದೆ.

ವರ್ಷ ತಿರುಗಿದ ಮೇಲೆ ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದೆ. ಬೇಸಿಗೆ ಕೆಲಸ ಮತ್ತೆ ಶುರುವಾಗಿತ್ತು. ಸುವಾರ್ತಮ್ಮನ ಗಂಡನೂ ತೀರಿಹೋಗಿದ್ದ. ಪೊರೆ ಬಂದ ಕಣ್ಣಿನಿಂದ ಆಕೆ ತಾನೇ ಸೂಜಿಗೆ ದಾರ ಪೋಣಿಸುತ್ತ ತಗಡಿನ ಕೆಳಗೆ ಕೂತಿದ್ದಳು. ದಾರ ಸೂಜಿಯ ಪಕ್ಕಕ್ಕೇ ಹೋಗುತ್ತಿತ್ತು.

“ಯಾರು?”

“ಬೀರಣ್ಣ. ಹನ್ನೊಂದನೇದು ತಂದೀನಿ. ಆ ಮಾತು ಹೇಳು, ಕೊಡ್ತೀನಿ.”

“ಕೇಳಬೇಕಾದಾಕಿ ಹೋದ್ಲಲ್ಲ ತಮ್ಮಾ. ಯಾರಿಗಿ ಹೇಳ್ಲಿ?”

“ನಾ ಇದ್ದೀನಿ. ಈ ಮಂದಿ ಅದಾರ.”

ಆಕೆ ಸೂಜಿ ಕೆಳಗಿಟ್ಟಳು. “ನಿನಗ ಮಾತು ಬೇಕಾಗಿಲ್ಲ, ಬೀರಣ್ಣ. ನನ್ನ ತಲಿ ಬಗ್ಗಬೇಕಾಗ್ಯಾದ. ಅಂಬವ್ವಕ್ಕನ ಮುಂದ ನಾ ದಿನಾ ಬಗ್ಗೀನಿ. ನಿನ್ನ ಮುಂದ ಬಗ್ಗಲ್ಲ. ನನ್ನ ಹೊಲ ಹಸಿವಿಗಿ ಕೆಡವಿದವ ನೀ.”

ಕಂಬಳಿ ಅವಳ ಮಡಿಲಿಗೆ ಎಸೆದು ಬಂದಿದ್ದರೆ ಅಂದೇ ಮುಗಿಯುತ್ತಿತ್ತು. ಎಸೆಯಲಿಲ್ಲ. ಹೆಗಲಿಗೆ ಹಾಕಿಕೊಂಡು ತಿರುಗಿ ಬಂದೆ. ಬರುವ ಮುಂಚೆ, ಯಾಕೋ, ಆ ಸೂಜಿ ಎತ್ತಿ ದಾರ ಪೋಣಿಸಿ ಆಕೆಯ ಪಕ್ಕದಲ್ಲಿಟ್ಟೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕುರಿ ಪ್ರತಿ ವರ್ಷ ಆ ಹೊಲದಲ್ಲಿ ನಿಲ್ಲುತ್ತವೆ, ಅದು ಅವ್ವನ ಹುಕುಂ. ಅಂಬಲಿ ಗಟ್ಟಿಯಾಗಿದೆ. ನಾನು ಆ ನೆರಳಿಗೆ ಕಾಲಿಡುವುದಿಲ್ಲ. ಬೇಸಿಗೆಯಲ್ಲಿ ಟ್ರಂಕು ತೆರೆದು, ನುಸಿ ಹಿಡಿಯದಂತೆ ಹನ್ನೊಂದನೆಯ ಕಂಬಳಿಯನ್ನು ಬಿಸಿಲಿಗೆ ಹಾಕುತ್ತೇನೆ. ಈ ವರ್ಷವೂ ಹಾಕಿದೆ. ಚರ್ಚಿನಲ್ಲಿ ಮಕ್ಕಳು ಹಾಡುವುದು ಅಂಗಳಕ್ಕೆ ಕೇಳುತ್ತಿತ್ತು, ಮುಗಿಯುವ ದಿನ ಅಂದು. ಹಾಡು ನಿಲ್ಲುವವರೆಗೆ ಕಂಬಳಿಯ ಪಕ್ಕದಲ್ಲಿ ಕೂತಿದ್ದೆ. ಆಮೇಲೆ ಬೇವಿನ ಎಲೆ ಹಾಕಿ, ಮಡಚಿ, ಒಳಗಿಟ್ಟು ಬೀಗ ಹಾಕಿದೆ.